ಹದಿನೈದು ಲಕ್ಷ ರೂಪಾಯಿಯ ಬೇಡಿಕೆ

(ಮಿಜೋ ದಂಗೆಯ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟೂ ಹಾಗೆಯೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳೂ ಸೇರಿವೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ‘ಪ್ರತ್ಯೇಕತಾವಾದಿ ದಂಗೆಗಳು ಮತ್ತು ಕೇಂದ್ರ ಸರ್ಕಾರ’ ಎಂದು ಅಚ್ಚಾಗಿದೆ. ಆ ‘ಗಳು’ ನನ್ನ ಕೈಲಾಗುವ ಕೆಲಸವಲ್ಲ. ಒಂದೇ ಒಂದು ದಂಗೆಯನ್ನು ಹಿಡಿದುಕೊಳ್ಳುತ್ತೇನೆ. ಮಿಜೋರಾಂ, 1966ರಿಂದ 1986ರವರೆಗೆ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ, ಇದು ಮುಗಿದಿದೆ. ನಮ್ಮ ದೇಶದಲ್ಲಿ ಶುರುವಾದ ದಂಗೆಗಳು ಬೇಕಾದಷ್ಟಿವೆ, ಮುಗಿದವು ಕಡಿಮೆ.

ಬಿದಿರಿನಿಂದ ಶುರು ಮಾಡೋಣ. ಮಿಜೋ ಬೆಟ್ಟಗಳ ಮೈತುಂಬ ಇರುವುದು ಮೌತಾಕ್ ಎಂಬ ಜಾತಿಯ ಬಿದಿರು. ಸುಮಾರು 48 ವರ್ಷಕ್ಕೊಮ್ಮೆ ಇಡೀ ಬೆಟ್ಟಸಾಲಿನಲ್ಲಿ ಒಟ್ಟಿಗೆ ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ, ಸತ್ತುಹೋಗುತ್ತದೆ. ಕಾಯಿ ಎಂದರೆ ನೀವು ಬಿದಿರಕ್ಕಿಯನ್ನು ನೆನೆಸಿಕೊಳ್ಳುತ್ತೀರಿ. ಅಲ್ಲ, ಈ ಬಿದಿರಿನದು ಸೀಬೆಕಾಯಿಯಷ್ಟು ದಪ್ಪನೆಯ, ತಿರುಳು ತುಂಬಿದ ಕಾಯಿ. ಕಾಡಿನ ನೆಲದ ಮೇಲೆ ರಾಶಿ ರಾಶಿ ಉದುರುತ್ತದೆ. ಇಲಿಗಳಿಗೆ ಹಬ್ಬ. ತಿಂದು, ಮರಿ ಹಾಕಿ, ಆ ಮರಿಗಳೂ ತಿಂದು ಮರಿ ಹಾಕಿ, ಕೆಲವೇ ತಿಂಗಳಲ್ಲಿ ಲೆಕ್ಕಕ್ಕೆ ಸಿಗದಷ್ಟಾಗುತ್ತವೆ. ಒಂದು ದಿನ ಕಾಡಿನ ಕಾಯಿ ಮುಗಿಯುತ್ತದೆ. ಆಗ ಅವು ಗದ್ದೆಗಿಳಿಯುತ್ತವೆ. ಗದ್ದೆ ಎಂದರೂ ತಪ್ಪು, ಅಲ್ಲಿನದು ಇಳಿಜಾರಿನ ಕಾಡು ಕಡಿದು, ಸುಟ್ಟು, ಬಿತ್ತುವ ಜೂಮ್ ಬೇಸಾಯ. ರಾತ್ರಿ ಮಲಗುವಾಗ ಪೈರಿತ್ತು, ಬೆಳಗ್ಗೆ ಎದ್ದರೆ ಬರೀ ದಂಟು. ಅಲ್ಲಿಂದ ಮುಂದೆ ಕಣಜಕ್ಕೆ.

ಇದಕ್ಕೆ ಮಿಜೋ ಜನ ಇಟ್ಟ ಹೆಸರು ಮೌತಾಮ್. ಮೌ ಎಂದರೆ ಬಿದಿರು, ತಾಮ್ ಎಂದರೆ ಬರ. 1862ರಲ್ಲಿ ಬಂದಿತ್ತು, 1911ರಲ್ಲಿ ಬಂದಿತ್ತು. ಎರಡು ದಿನಾಂಕ ಗೊತ್ತಿದ್ದರೆ ಮೂರನೆಯದನ್ನು ಹೇಳಲು ಜ್ಯೋತಿಷ್ಯ ಬೇಕಿಲ್ಲ. ಊರಿನ ಮುದುಕರು ಹೇಳಿದರು: 1959ರ ಆಸುಪಾಸು.

ಆಗ ಮಿಜೋ ಬೆಟ್ಟಗಳು ಅಸ್ಸಾಮಿನ ಒಂದು ಜಿಲ್ಲೆ. ಬುಡಕಟ್ಟು ಪ್ರದೇಶಗಳಿಗೆ ಸ್ವಯಮಾಡಳಿತ ಕೊಡುವ ಸಂವಿಧಾನದ ಆರನೇ ಅನುಸೂಚಿಯಡಿ ಜಿಲ್ಲಾ ಪರಿಷತ್ತು ಇತ್ತು, ಖಜಾನೆಯ ಕೀಲಿ ಮಾತ್ರ ಶಿಲ್ಲಾಂಗಿನಲ್ಲಿತ್ತು. ಅಂದಿನ ಅಸ್ಸಾಮಿನ ರಾಜಧಾನಿ ಅದೇ. 1958ರಲ್ಲಿ ಜಿಲ್ಲಾ ಪರಿಷತ್ತು ಒಂದು ಠರಾವು ಮಾಡಿತು. ಬಿದಿರು ಹೂ ಬಿಡುವ ಸೂಚನೆ ಕಾಣುತ್ತಿದೆ, ಬರ ಬರಲಿದೆ, ಮುನ್ನೆಚ್ಚರಿಕೆಗೆ 15 ಲಕ್ಷ ರೂಪಾಯಿ ಕೊಡಿ. ಅಸ್ಸಾಂ ಸರ್ಕಾರ ಕೊಡಲಿಲ್ಲ. ಹೂವಿಗೂ ಬರಕ್ಕೂ ಎತ್ತಣಿಂದೆತ್ತಣ ಸಂಬಂಧ, ಇದು ಬುಡಕಟ್ಟು ಜನರ ಮೂಢನಂಬಿಕೆ ಎಂಬುದು ಅಧಿಕಾರಿಗಳ ಧೋರಣೆ. ಮುಂದಿನ ವರ್ಷ ಮೂಢನಂಬಿಕೆ ಲಕ್ಷಾಂತರ ಕಾಲುಗಳ ಮೇಲೆ ಓಡಿಬಂತು.

ಈ 15 ಲಕ್ಷದ ಬೇಡಿಕೆಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮಿಜೋ ದಂಗೆಗೆ ಇದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. 1960ರಲ್ಲಿ ಅಸ್ಸಾಮಿ ಭಾಷೆಯನ್ನು ರಾಜ್ಯದ ಆಡಳಿತ ಭಾಷೆ ಮಾಡಿದ್ದು ಬೆಟ್ಟದ ಜಿಲ್ಲೆಗಳಲ್ಲೆಲ್ಲ ಕಿಡಿ ಹೊತ್ತಿಸಿತು. ಅದಕ್ಕೂ ಹಿಂದೆ, 1947ರ ಹೊತ್ತಿಗೇ, ನಾವು ಯಾರ ಜೊತೆ ಇರಬೇಕು ಎಂಬ ಚರ್ಚೆ ಅಲ್ಲಿ ನಡೆದಿತ್ತು. ಆದರೆ ಆಗ ಗೆದ್ದದ್ದು ಭಾರತದ ಜೊತೆ ಇರೋಣ ಎಂದ ಮಿಜೋ ಯೂನಿಯನ್ ಪಕ್ಷ. ಜಿಲ್ಲಾ ಪರಿಷತ್ತನ್ನೂ ಅದೇ ನಡೆಸುತ್ತಿತ್ತು. ಅಂದರೆ ಬೇಡಿಕೆ ಕಳಿಸಿದ್ದು ದೆಹಲಿಯ ವಿರೋಧಿಗಳಲ್ಲ, ಭಾರತವನ್ನು ನಂಬಿದವರು. ಮೊದಲು ಮುಖಭಂಗವಾದದ್ದು ಅವರಿಗೆ. ಪ್ರತ್ಯೇಕತೆ ಬೇಡ ಎನ್ನುತ್ತಿದ್ದವರ ಕೈಯನ್ನು ಸರ್ಕಾರವೇ ಬರಿದು ಮಾಡಿ ಊರಿಗೆ ವಾಪಸ್ ಕಳಿಸಿತು.

ಆ ಜಿಲ್ಲಾ ಪರಿಷತ್ತಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಒಬ್ಬ ಗುಮಾಸ್ತರಿದ್ದರು. ಹಿಂದೆ ಸೇನೆಯಲ್ಲಿ ಹವಾಲ್ದಾರರಾಗಿದ್ದವರು, ಮಾತಿನ ಮಲ್ಲ. ಹೆಸರು ಲಾಲ್‌ಡೆಂಗಾ. ಬರ ಬಿದ್ದಾಗ ಯುವಕರು ಸೇರಿ ‘ಮಿಜೋ ನ್ಯಾಷನಲ್ ಫ್ಯಾಮಿನ್ ಫ್ರಂಟ್’ ಎಂದು ಕಟ್ಟಿದರು. ಮಿಜೋರಲ್ಲಿ ತ್ಲೌಮ್‌ಙಾಯ್ಹ್ನ ಎಂಬ ಮಾತಿದೆ. ಯಾರೂ ಕೇಳುವ ಮೊದಲೇ ಇನ್ನೊಬ್ಬರ ಕಷ್ಟಕ್ಕೆ ಹೆಗಲು ಕೊಡುವುದು, ಕೊಟ್ಟದ್ದನ್ನು ಹೇಳಿಕೊಳ್ಳದಿರುವುದು, ಇಷ್ಟೂ ಆ ಒಂದು ಪದದಲ್ಲಿದೆ. ಹುಡುಗರು ಅಕ್ಕಿ ಹೊತ್ತುಕೊಂಡು ರಸ್ತೆಯಿಲ್ಲದ ಹಳ್ಳಿಗಳಿಗೆ ನಡೆದರು. ಸರ್ಕಾರ ಕಾಣದ ಕಡೆ ಫ್ರಂಟ್ ಕಂಡಿತು. ಬರ ಮುಗಿದ ಮೇಲೆ, 1961ರ ಅಕ್ಟೋಬರ್ 22ರಂದು, ಹೆಸರಿನಿಂದ ಒಂದು ಪದ ತೆಗೆದರು. ‘ಫ್ಯಾಮಿನ್’ ಹೋಯಿತು. ಮಿಜೋ ನ್ಯಾಷನಲ್ ಫ್ರಂಟ್, ಅಂದರೆ ಎಂಎನ್‌ಎಫ್, ಉಳಿಯಿತು. ಆ ಹೊತ್ತಿಗೆ ಅವರಿಗೆ ಪ್ರತಿ ಹಳ್ಳಿಯ ದಾರಿ ಗೊತ್ತಿತ್ತು, ಪ್ರತಿ ಹಳ್ಳಿಗೂ ಅವರ ಮುಖ ಗೊತ್ತಿತ್ತು.

ಮುಂದಿನ ನಾಲ್ಕು ವರ್ಷಗಳನ್ನು ಬೇಗ ದಾಟುತ್ತೇನೆ. ಲಾಲ್‌ಡೆಂಗಾ ಪೂರ್ವ ಪಾಕಿಸ್ತಾನಕ್ಕೆ, ಅಂದರೆ ಇಂದಿನ ಬಾಂಗ್ಲಾದೇಶಕ್ಕೆ, ಹೋಗಿಬಂದರು, ಸಿಕ್ಕಿಬಿದ್ದರು, ಅಸ್ಸಾಮಿನ ಮುಖ್ಯಮಂತ್ರಿ ಬಿಮಲಾ ಪ್ರಸಾದ್ ಚಲಿಹಾ ಕಾಲದಲ್ಲೇ ಬಿಡುಗಡೆಯೂ ಆದರು. ಭಾರತದ ಕಣ್ಣಿನಲ್ಲಿದ್ದ ಮುಳ್ಳನ್ನು ಇನ್ನಷ್ಟು ಒತ್ತಲು ಪಾಕಿಸ್ತಾನ ಖುಷಿಯಿಂದಲೇ ಬಂದೂಕು ಕೊಟ್ಟಿತು. 1965ರ ಅಕ್ಟೋಬರ್ 30ರಂದು ಎಂಎನ್‌ಎಫ್ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರಿಗೆ ಮನವಿಪತ್ರ ಕಳಿಸಿತು. ಮಿಜೋ ಜನ ಹರಿಸುವ ಕಣ್ಣೀರು ಆನಂದದ್ದೋ, ದುಃಖ ಮತ್ತು ಸಿಟ್ಟಿನದ್ದೋ ಎಂಬುದನ್ನು ಭಾರತ ಸರ್ಕಾರವೇ ತೀರ್ಮಾನಿಸಲಿ ಎಂಬರ್ಥದ ಮಾತು ಅದರಲ್ಲಿದೆ. ಎರಡೂವರೆ ತಿಂಗಳಲ್ಲಿ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡರು. ಇಂದಿರಾ ಗಾಂಧಿ ಪ್ರಧಾನಿಯಾಗಿ ಇನ್ನೂ ಐದು ವಾರ, ಆಗ ಸ್ಫೋಟವಾಯಿತು.

1966ರ ಫೆಬ್ರವರಿ 28ರ ರಾತ್ರಿ. ಕಾರ್ಯಾಚರಣೆಗೆ ಅವರಿಟ್ಟ ಹೆಸರು ‘ಆಪರೇಷನ್ ಜೆರಿಕೊ’. ಮಿಜೋರು ಕ್ರೈಸ್ತರು. ತುತ್ತೂರಿ ಊದಿದೊಡನೆ ಜೆರಿಕೊ ಪಟ್ಟಣದ ಗೋಡೆ ಕುಸಿದ ಬೈಬಲ್ ಕಥೆ ಅವರಿಗೆ ಬಾಯಿಪಾಠ. ಜಿಲ್ಲೆಯ ಮುಖ್ಯ ಪಟ್ಟಣ ಐಜ್ವಾಲ್, ಜೊತೆಗೆ ಲುಂಗ್ಲೇಯ್, ಚಂಫಾಯ್ ಮುಂತಾದ ಕಡೆ ಒಂದೇ ಹೊತ್ತಿಗೆ ದಾಳಿ. ಐಜ್ವಾಲಿನಲ್ಲಿ ಮೊದಲು ಟೆಲಿಫೋನ್ ವಿನಿಮಯ ಕೇಂದ್ರ, ಆಮೇಲೆ ಸರ್ಕಾರಿ ಖಜಾನೆ. ಲೆಕ್ಕಪತ್ರ ಬರೆದ ಮನುಷ್ಯನಿಗೆ ಖಜಾನೆಯ ಬೆಲೆ ಗೊತ್ತಿರುತ್ತದೆ! ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಣೆ. ಅದರ ಆರಂಭದ ವಾಕ್ಯಗಳು 1776ರ ಅಮೆರಿಕದ ಘೋಷಣೆಯ ಅಚ್ಚಿನಲ್ಲೇ ಎರಕ ಹೊಯ್ದಂತಿವೆ. ಪಟ್ಟಣದಲ್ಲಿ ಅಸ್ಸಾಂ ರೈಫಲ್ಸ್ ಶಿಬಿರವೊಂದು ಮಾತ್ರ ಬಿಡದೆ ಹಿಡಿದುಕೊಂಡು ಕೂತಿತ್ತು. ಅದಕ್ಕೆ ನೆರವು ಇಳಿಸಲು ಬಂದ ಹೆಲಿಕಾಪ್ಟರುಗಳಿಗೆ ಗುಂಡಿನ ಸುರಿಮಳೆಯಲ್ಲಿ ಇಳಿಯಲಾಗಲಿಲ್ಲ.

ಮಾರ್ಚ್ 5ರಂದು ಆಕಾಶದಲ್ಲಿ ಭಾರತೀಯ ವಾಯುಪಡೆಯ ತೂಫಾನಿ ಮತ್ತು ಹಂಟರ್ ವಿಮಾನಗಳು ಕಾಣಿಸಿಕೊಂಡವು. ಐಜ್ವಾಲ್ ಬೆಟ್ಟದ ಏಣಿನ ಮೇಲೆ ಸಾಲಾಗಿ ಕಟ್ಟಿದ ಊರು. ಆಗಿನ ಮನೆಗಳು ಹೆಚ್ಚಾಗಿ ಮರದವು, ಬಿದಿರಿನವು. ಒಂದಕ್ಕೆ ಬೆಂಕಿ ಬಿದ್ದರೆ ಪಕ್ಕದ್ದಕ್ಕೆ ದಾಟಲು ಗಾಳಿಯ ಸಹಾಯವೂ ಬೇಡ. ದೊಡ್ಡ ಪೇಟೆ ಸುಟ್ಟುಹೋಯಿತು. ಜನ ಇಳಿಜಾರಿನ ಕಾಡುಗಳಿಗೆ ಓಡಿದರು. ಮುಂದಿನ ದಿನಗಳಲ್ಲಿ ಬೇರೆ ಊರುಗಳ ಮೇಲೂ ವಿಮಾನಗಳು ಬಂದವು. ಸ್ವತಂತ್ರ ಭಾರತ ತನ್ನದೇ ಪ್ರಜೆಗಳಿದ್ದ ಊರಿನ ಮೇಲೆ ಯುದ್ಧ ವಿಮಾನ ಬಳಸಿದ್ದು ಅದೊಂದೇ ಸಲ. ಆದರೆ ಸರ್ಕಾರ ಒಪ್ಪಿಕೊಳ್ಳಲಿಲ್ಲ. ವಿಮಾನಗಳು ಹೋದದ್ದು ಜನರನ್ನೂ ಸಾಮಗ್ರಿಯನ್ನೂ ಇಳಿಸುವುದಕ್ಕೆ ಎಂದು ಹೇಳಿಕೆ ಬಂತು. ಅಸ್ಸಾಂ ವಿಧಾನಸಭೆಯಲ್ಲಿ ಸ್ಟಾನ್ಲಿ ನಿಕೋಲ್ಸ್ ರಾಯ್ ಮತ್ತು ಹೂವರ್ ಹಿನ್ನೀವ್ಟಾ ಎಂಬ ಬೆಟ್ಟನಾಡಿನ ಇಬ್ಬರು ಶಾಸಕರು ಎದ್ದುನಿಂತು ಬೇರೆಯೇ ಹೇಳಿದರು. 2023ರ ಆಗಸ್ಟ್‌ನಲ್ಲಿ ಈ ದಾಳಿಯ ಮಾತು ಸಂಸತ್ತಿನಲ್ಲಿ ಎದ್ದಿತು, ಟಿವಿಗಳಲ್ಲಿ ಗದ್ದಲವಾಯಿತು. ಯಾವ ಪಕ್ಷಕ್ಕೆ ಲಾಭ ಎಂಬುದೇ ಆ ಗದ್ದಲದ ತಿರುಳು. ಮಿಜೋರು ಅದನ್ನು 57 ವರ್ಷಗಳಿಂದ ಹೇಳುತ್ತಲೇ ಇದ್ದರು, ದೆಹಲಿಯಲ್ಲಿ ಯಾರಿಗೂ ಬೇಕಿರಲಿಲ್ಲ.

ಬಾಂಬಿನ ಕಥೆ ಈಗ ಎಲ್ಲರಿಗೂ ಗೊತ್ತು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಗಾಯ ಇನ್ನೊಂದಿದೆ, ಅದರ ಮಾತು ಹೊರಗೆ ಯಾರೂ ಎತ್ತುವುದಿಲ್ಲ. ಇವತ್ತು ನಾನು ಇಲ್ಲಿಗೆ ಬಂದದ್ದೇ ಅದನ್ನು ಹೇಳುವುದಕ್ಕೆ.

ಮಾರ್ಚ್ ಮುಗಿಯುವುದರೊಳಗೆ ಸೇನೆ ಪಟ್ಟಣಗಳನ್ನು ವಾಪಸ್ ಪಡೆಯಿತು. ಬಂಡುಕೋರರು ಕಾಡು ಸೇರಿದರು. ಕಾಡಿನಲ್ಲಿದ್ದವರಿಗೆ ಅನ್ನ ಹಾಕುತ್ತಿದ್ದದ್ದು ಹಳ್ಳಿ. ಹಾಗಾದರೆ ಹಳ್ಳಿಯನ್ನೇ ಎತ್ತಿಬಿಡೋಣ ಎಂದು ಸರ್ಕಾರ ಹೊರಟಿತು. ಇದು ನಮ್ಮ ಸ್ವಂತ ಬುದ್ಧಿಯೂ ಅಲ್ಲ. 1950ರ ದಶಕದಲ್ಲಿ ಮಲಯಾದಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳ ವಿರುದ್ಧ ಬ್ರಿಟಿಷರು ಆಡಿದ ಆಟ. ಆಗ ಸೇನೆಯ ಪೂರ್ವ ಕಮಾಂಡಿನ ಮುಖ್ಯಸ್ಥರಾಗಿದ್ದವರು ಸ್ಯಾಮ್ ಮಾಣೆಕ್‌ಷಾ. 1967ರ ಜನವರಿಯಲ್ಲಿ ಶುರುವಾಯಿತು. ಮೊದಲ ಹಂತದಲ್ಲಿ ವೈರೆಂಗ್ಟೆಯಿಂದ ಲುಂಗ್ಲೇಯ್‌ವರೆಗಿನ ಹೆದ್ದಾರಿಯ ಅಕ್ಕಪಕ್ಕದ 106 ಹಳ್ಳಿಗಳನ್ನು ಎತ್ತಿ 18 ಕೇಂದ್ರಗಳಿಗೆ ತುಂಬಿದರು. ಮುಂದಿನ ಹಂತಗಳೆಲ್ಲ ಮುಗಿಯುವ ಹೊತ್ತಿಗೆ ಜಿಲ್ಲೆಯ 764 ಹಳ್ಳಿಗಳಲ್ಲಿ 516 ಖಾಲಿಯಾಗಿದ್ದವು. ಈ ಕೇಂದ್ರಗಳಿಗೆ ಸರ್ಕಾರ ಇಟ್ಟ ಹೆಸರು ಕೇಳಿ: ‘ಪ್ರೊಟೆಕ್ಟೆಡ್ ಅಂಡ್ ಪ್ರೋಗ್ರೆಸಿವ್ ವಿಲೇಜ್’. ರಕ್ಷಿತ, ಪ್ರಗತಿಶೀಲ ಗ್ರಾಮ!

ದಾರ್ಜೊ ಎಂಬ ಹಳ್ಳಿಯಲ್ಲಿ ನಡೆದದ್ದನ್ನು ಅಲ್ಲಿ ಆಜ್ಞೆ ಜಾರಿ ಮಾಡಿದ ಸೇನಾಧಿಕಾರಿಯೇ ಮುಂದೆ ಹೇಳಿಕೊಂಡಿದ್ದಾರೆ, ಮಿಜೋರಾಂನಲ್ಲಿದ್ದ ಒಬ್ಬ ಐಎಎಸ್ ಅಧಿಕಾರಿ ಅದನ್ನು ಬರೆದಿಟ್ಟಿದ್ದಾರೆ. ದಾರ್ಜೊ ಅನುಕೂಲಸ್ಥ ಹಳ್ಳಿ, ಕಣಜಗಳಲ್ಲಿ ಭತ್ತವಿತ್ತು. ಜನ ಹೊತ್ತೊಯ್ಯಲಾಗುವಷ್ಟನ್ನು ಕಟ್ಟಿಕೊಳ್ಳಬೇಕು, ಸಂಜೆ ತಮ್ಮ ಮನೆಗಳಿಗೆ ತಾವೇ ಬೆಂಕಿ ಇಡಬೇಕು, ಉಳಿದ ಕಾಳನ್ನೂ ಸುಡಬೇಕು. ಇದು ಆಜ್ಞೆ. ಕತ್ತಲಾಯಿತು, ಯಾರೂ ಮನೆಯಿಂದ ಹೊರಬರಲಿಲ್ಲ. ಸೈನಿಕರು ಮನೆಮನೆಗೆ ನುಗ್ಗಿ ಎಬ್ಬಿಸಿದರು. ಆಗ ಬಂದರು, ಗಂಟುಮೂಟೆ ಹೊತ್ತು, ಮಕ್ಕಳನ್ನು ಕಟ್ಟಿಕೊಂಡು. ಆದರೆ ಬೆಂಕಿ ಇಡಲು ಒಬ್ಬರೂ ಕೈ ಎತ್ತಲಿಲ್ಲ. ಕೊನೆಗೆ ಅಧಿಕಾರಿಯೇ ಕೊಳ್ಳಿ ಹಿಡಿದು ಮೊದಲ ಮನೆಗೆ ಇಟ್ಟರು. ಉಳಿದವಕ್ಕೆ ಸೈನಿಕರು ಇಟ್ಟರು. ಇಷ್ಟಕ್ಕೇ ಮುಗಿಯಲಿಲ್ಲ. ಬಂಡುಕೋರರ ಕಾಟ ತಾಳಲಾರದೆ ನಾವೇ ಸ್ಥಳಾಂತರ ಕೇಳಿಕೊಂಡೆವು, ನಮ್ಮ ಹಳ್ಳಿಯನ್ನು ಸೇನೆ ಸುಡಲಿಲ್ಲ ಎಂಬ ಕಾಗದಗಳಿಗೆ ಊರ ಹಿರಿಯರಿಂದ ಸಹಿ ಹಾಕಿಸಬೇಕಿತ್ತು. ಅವರು ಒಪ್ಪಲಿಲ್ಲ. ಪಿಸ್ತೂಲು ತೋರಿಸಿದ ಮೇಲೆ ಸಹಿ ಬಿತ್ತು.

ಆ ಕಾಗದದ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಒಂಬತ್ತು ವರ್ಷ ಮೊದಲು ಇದೇ ಬೆಟ್ಟದ ಜನ ಬರ ಬರುತ್ತದೆ ಎಂದು ಬರೆದುಕೊಟ್ಟಾಗ ಅದು ನಿಜವಾಗಿತ್ತು, ಸರ್ಕಾರ ನಂಬಲಿಲ್ಲ. ಈಗ ಅವರ ಕೈಯಲ್ಲೇ ಸುಳ್ಳು ಬರೆಸಿಕೊಂಡು ಕಡತದಲ್ಲಿ ಜೋಪಾನವಾಗಿ ಇಟ್ಟುಕೊಂಡಿತು.

ಕೇಂದ್ರಗಳಲ್ಲಿ ಬದುಕು ಹೇಗಿತ್ತು? ಸುತ್ತ ಬೇಲಿ, ಬಾಗಿಲಲ್ಲಿ ಪಹರೆ, ಕೊರಳಲ್ಲೋ ಜೇಬಲ್ಲೋ ಗುರುತಿನ ಚೀಟಿ, ಹಾಜರಿ, ಕತ್ತಲಾದರೆ ಕರ್ಫ್ಯೂ. ಜೂಮ್ ಹೊಲ ಊರಿನಿಂದ ಗಂಟೆಗಟ್ಟಲೆ ನಡೆಯುವ ದೂರದಲ್ಲಿರುತ್ತದೆ. ಪೈರು ಬಲಿಯುವ ಕಾಲದಲ್ಲಿ ಹೊಲದ ಗುಡಿಸಲಲ್ಲೇ ಮಲಗಿ ಕಾವಲು ಕಾಯಬೇಕು. ಬೆಳಗಾದ ಮೇಲೆ ಬಾಗಿಲು ದಾಟಿ ಸಂಜೆಯೊಳಗೆ ಒಳಗಿರಬೇಕು ಎಂದರೆ ಬೇಸಾಯ ಎಲ್ಲಿಂದ ಬಂತು? ತಮ್ಮ ಅನ್ನ ತಾವೇ ಬೆಳೆದುಕೊಳ್ಳುತ್ತಿದ್ದವರು ಪಡಿತರಕ್ಕೆ ಸಾಲು ನಿಂತರು. ಮಿಜೋ ಮಾತಿನಲ್ಲಿ ಈ ಒಟ್ಟುಗೂಡಿಸುವಿಕೆಗೆ ಖೊಖೋಮ್ ಎನ್ನುತ್ತಾರೆ, ಇಡೀ ಕಾಲಕ್ಕೆ ರಮ್‌ಬುಆಯ್ ಎನ್ನುತ್ತಾರೆ, ನಾಡು ಕಲಕಿಹೋದ ಕಾಲ. ಎಷ್ಟೋ ಹಳ್ಳಿಗಳು ಮತ್ತೆ ಹುಟ್ಟಲೇ ಇಲ್ಲ.

ಎಂಎನ್‌ಎಫ್ ಕೈಯೂ ಶುಭ್ರವಾಗಿರಲಿಲ್ಲ. ಮಾಹಿತಿದಾರರೆಂದು ಅನುಮಾನ ಬಂದ ಮಿಜೋರನ್ನೇ ಕೊಂದರು, ಮಿಜೋ ಯೂನಿಯನ್ನಿನವರನ್ನು ಬೆದರಿಸಿದರು, ಹೊರಗಿನವರಿಗೆ ಊರು ಬಿಡಿ ಎಂದು ಗಡುವು ಕೊಟ್ಟರು. 1975ರ ಜನವರಿ 13ರಂದು ಐಜ್ವಾಲಿನ ಪೊಲೀಸ್ ಕೇಂದ್ರ ಕಚೇರಿಗೇ ನುಗ್ಗಿ ಐಜಿ ಸೇರಿ ಮೂವರು ಹಿರಿಯ ಅಧಿಕಾರಿಗಳನ್ನು ಗುಂಡಿಟ್ಟು ಕೊಂದರು. ನಡುವೆ ಸಿಕ್ಕಿದ ಹಳ್ಳಿಗನಿಗೆ ರಾತ್ರಿ ಒಬ್ಬರು, ಹಗಲು ಇನ್ನೊಬ್ಬರು. ಅತ್ತ ದರಿ, ಇತ್ತ ಪುಲಿ.

ಸಂಧಾನದ ದಾರಿ ಉದ್ದ. 1971ರ ಡಿಸೆಂಬರಿನಲ್ಲಿ ಬಾಂಗ್ಲಾದೇಶ ಹುಟ್ಟಿದೊಡನೆ ಚಿತ್ತಗಾಂಗ್ ಬೆಟ್ಟಗಳಲ್ಲಿದ್ದ ಎಂಎನ್‌ಎಫ್ ನೆಲೆ ಕಾಲಡಿಯಿಂದ ಜಾರಿತು. ಹುಡುಗರು ಬರ್ಮಾದ ಅರಾಕಾನಿಗೆ, ನಾಯಕ ಪಾಕಿಸ್ತಾನಕ್ಕೆ. 1972ರ ಜನವರಿಯಲ್ಲಿ ಮಿಜೋರಾಂ ಅಸ್ಸಾಮಿನಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶವಾಯಿತು. 1976ರಲ್ಲಿ ಒಂದು ಒಪ್ಪಂದವಾಗಿ ಮುರಿದುಬಿತ್ತು. ಊರೊಳಗೆ ಚರ್ಚು ಪಟ್ಟುಬಿಡದೆ ಎರಡೂ ಕಡೆಗೆ ಓಡಾಡುತ್ತಿತ್ತು. ಕಾಡಿನಲ್ಲಿದ್ದವರೂ ಭಾನುವಾರ ಪ್ರಾರ್ಥನೆ ಮಾಡುವವರೇ ಆದ್ದರಿಂದ ಪಾದ್ರಿಗಳ ಮಾತಿಗೆ ಅಲ್ಲಿ ಬೆಲೆ ಇತ್ತು. ಕೊನೆಗೆ ಲಂಡನ್ನಿನಲ್ಲಿದ್ದ ಲಾಲ್‌ಡೆಂಗಾ ದೆಹಲಿಗೆ ಬಂದರು. ಇಂದಿರಾ ಗಾಂಧಿಯವರೊಂದಿಗೆ ಭೇಟಿಗೆ ದಿನ ಗೊತ್ತಾಯಿತು: 1984ರ ಅಕ್ಟೋಬರ್ 31. ಅಂದು ಬೆಳಗ್ಗೆ ಏನಾಯಿತೆಂದು ನಿಮಗೆ ಗೊತ್ತು.

ಆದರೂ ಮಾತುಕತೆ ನಿಲ್ಲಲಿಲ್ಲ. 1986ರ ಜೂನ್ 30ರಂದು ಒಪ್ಪಂದಕ್ಕೆ ಸಹಿ ಬಿತ್ತು. ಕೇಂದ್ರದ ಪರವಾಗಿ ಸಹಿ ಹಾಕಿದ ಗೃಹ ಕಾರ್ಯದರ್ಶಿ ಆರ್. ಡಿ. ಪ್ರಧಾನ್ ಅವರಿಗೆ ಅದು ಸೇವೆಯ ಕೊನೆಯ ದಿನ. ಎಂಎನ್‌ಎಫ್ ಸ್ವಾತಂತ್ರ್ಯದ ಬೇಡಿಕೆ ಬಿಟ್ಟಿತು, ಆಯುಧ ಕೆಳಗಿಟ್ಟಿತು. ಕೇಂದ್ರ ಪೂರ್ಣ ರಾಜ್ಯದ ಮಾತು ಕೊಟ್ಟಿತು. ಸಂವಿಧಾನಕ್ಕೆ 371ಜಿ ವಿಧಿ ಸೇರಿತು. ಮಿಜೋರ ಧಾರ್ಮಿಕ, ಸಾಮಾಜಿಕ ಆಚರಣೆ, ಸಂಪ್ರದಾಯದ ಕಾನೂನು, ಭೂ ಒಡೆತನದ ವಿಷಯದಲ್ಲಿ ಸಂಸತ್ತಿನ ಕಾಯ್ದೆ ಅಲ್ಲಿನ ವಿಧಾನಸಭೆ ಒಪ್ಪಿದರೆ ಮಾತ್ರ ಜಾರಿ. 1987ರ ಫೆಬ್ರವರಿ 20ರಂದು ಮಿಜೋರಾಂ ದೇಶದ 23ನೇ ರಾಜ್ಯವಾಯಿತು.

ಈ ಒಪ್ಪಂದದಲ್ಲಿ ನನಗೆ ಅತ್ಯಂತ ಇಷ್ಟವಾದ ವ್ಯಕ್ತಿ ಲಾಲ್‌ಡೆಂಗಾ ಅಲ್ಲ, ರಾಜೀವ್ ಗಾಂಧಿಯೂ ಅಲ್ಲ. ಲಾಲ್ ಥನ್ಹಾವ್ಲಾ. ಚುನಾವಣೆಯಲ್ಲಿ ಗೆದ್ದು ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿಗ. ನಿನ್ನೆಯವರೆಗೆ ನಿಷೇಧಿತ ಸಂಘಟನೆಯ ನಾಯಕನಾಗಿದ್ದವನಿಗೆ ಕುರ್ಚಿ ಬಿಟ್ಟುಕೊಟ್ಟು, ಅವನ ಕೈಕೆಳಗೆ ಉಪಮುಖ್ಯಮಂತ್ರಿಯಾಗಿ ಕೂತರು. ಪಕ್ಷದ ಒತ್ತಡವಿತ್ತು ಎಂದು ನೀವು ಹೇಳಬಹುದು, ಇದ್ದೇ ಇತ್ತು. ಆದರೂ ಎದ್ದದ್ದು ಅವರು. ಕುರ್ಚಿಯಿಂದ ಏಳುವುದು ಎಂಥ ಕಷ್ಟ ಎಂಬುದನ್ನು ನಾವು ಐದು ವರ್ಷಕ್ಕೊಮ್ಮೆ, ಕೆಲವೊಮ್ಮೆ ಒಂದೇ ವರ್ಷದಲ್ಲಿ ಎರಡು ಸಲ ನೋಡುತ್ತೇವಲ್ಲ!

ಲಾಲ್‌ಡೆಂಗಾ 1987ರ ಚುನಾವಣೆ ಗೆದ್ದರು. ಮುಂದಿನ ವರ್ಷವೇ ಶಾಸಕರು ಪಕ್ಷ ಬಿಟ್ಟು ಸರ್ಕಾರ ಬಿತ್ತು. 1990ರ ಜುಲೈ 7ರಂದು ಲಂಡನ್ನಿನಲ್ಲಿ ತೀರಿಕೊಂಡರು. ಸಮಾಧಿ ಐಜ್ವಾಲಿನ ನಡುಮಧ್ಯದಲ್ಲಿದೆ, ಟ್ರೆಷರಿ ಸ್ಕ್ವೇರ್ ಎಂಬಲ್ಲಿ. ಹೌದು, ಖಜಾನೆ ಚೌಕ.

ಇಷ್ಟು ನನ್ನ ಮಾತು. ಆಮೇಲೆ ಸಭೆಯಿಂದ ಬಂದ ಎರಡು ಪ್ರಶ್ನೆಗಳು.

ಮೊದಲನೆಯದನ್ನು ಕೇಳಿದವರು ಒಬ್ಬ ವಿದ್ಯಾರ್ಥಿನಿ. “ಸರ್, ಹಾಗಾದರೆ ಮಿಜೋರಾಂ ಮಾದರಿಯನ್ನು ಬೇರೆ ಕಡೆ ಯಾಕೆ ಅನ್ವಯಿಸಬಾರದು?”

ನೋಡಮ್ಮ, ಮಾದರಿ ಎಂಬ ಪದದ ಬಗ್ಗೆ ನನಗೆ ಸ್ವಲ್ಪ ಭಯ. ಹಳ್ಳಿ ಎತ್ತುವ ಉಪಾಯವೂ ಮಲಯಾದ ‘ಮಾದರಿ’ಯೇ ಆಗಿತ್ತು. ಎಂಎನ್‌ಎಫ್‌ಗೆ ಒಬ್ಬನೇ ನಾಯಕ ಇದ್ದ, ಅವನು ಸಹಿ ಹಾಕಿದರೆ ಕಾಡಿನಲ್ಲಿದ್ದವರು ಹೊರಬರುತ್ತಿದ್ದರು. ನಾಗಾಗಳಲ್ಲಿ, ಬಂಡುಕೋರರ ಜೊತೆ ಕೇಂದ್ರ ಮಾಡಿಕೊಂಡ 1975ರ ಶಿಲ್ಲಾಂಗ್ ಒಪ್ಪಂದವೇ ಹೊಸ ಬಣಗಳಿಗೆ ಜನ್ಮ ಕೊಟ್ಟಿತು. ಇನ್ನೊಂದು ಮಾತು. ಮಿಜೋರಾಂನ ಶಾಂತಿ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. 1997ರಲ್ಲಿ ಬ್ರೂ ಜನಾಂಗದ ಸಾವಿರಾರು ಮಂದಿ ಗಲಭೆಗೆ ಹೆದರಿ ತ್ರಿಪುರಾಕ್ಕೆ ಓಡಿದರು, ಶಿಬಿರಗಳಲ್ಲಿ ಎರಡು ದಶಕ ಕಳೆದರು. ಅವರನ್ನು ತ್ರಿಪುರಾದಲ್ಲೇ ನೆಲೆಗೊಳಿಸುವ ಒಪ್ಪಂದ ಆದದ್ದು 2020ರ ಜನವರಿಯಲ್ಲಿ. ಅಲ್ಪಸಂಖ್ಯಾತರಾಗಿ ನೊಂದವರು ತಮ್ಮ ರಾಜ್ಯದಲ್ಲಿ ಬಹುಸಂಖ್ಯಾತರಾದಾಗ ಏನು ಮಾಡಿದರು ಎಂಬ ಪ್ರಶ್ನೆ ಐಜ್ವಾಲಿಗೂ ಇದೆ.

ಎರಡನೆಯದು ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರದು. “ಬಿದಿರು? ಅದು ಮತ್ತೆ ಹೂ ಬಿಟ್ಟಿತೇ?”

ಬಿಟ್ಟಿತು, ಲೆಕ್ಕ ಹಾಕಿದಂತೆ 2006-07ರಲ್ಲಿ. ಆಗ ಮುಖ್ಯಮಂತ್ರಿ ಜೋರಾಂಥಂಗಾ, ಕಾಡಿನಲ್ಲಿ ಲಾಲ್‌ಡೆಂಗಾ ಅವರ ಕಾರ್ಯದರ್ಶಿಯಾಗಿದ್ದವರು, ಅದೇ ಎಂಎನ್‌ಎಫ್ ಪಕ್ಷದವರು. ಈ ಸಲ ಯಾರೂ ಮೂಢನಂಬಿಕೆ ಎನ್ನಲಿಲ್ಲ. ಯೋಜನೆ ಇತ್ತು, ದೆಹಲಿಯಿಂದ ಹಣ ಬಂತು, ಇಲಿ ಕೊಂದು ಬಾಲ ತಂದು ಕೊಟ್ಟವರಿಗೆ ಬಾಲಕ್ಕಿಷ್ಟು ಎಂದು ದುಡ್ಡು ಕೊಟ್ಟರು. ಆದರೂ ಇಲಿ ಬಂತು, ಬೆಳೆ ಹೋಯಿತು. ಪರಿಹಾರ ತಮಗೆ ಮುಟ್ಟಲಿಲ್ಲ ಎಂದು ರೈತರು ಬೈದರು. 2008ರ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. ನಲವತ್ತು ಸ್ಥಾನಗಳಲ್ಲಿ ಎಂಎನ್‌ಎಫ್‌ಗೆ ಬಂದದ್ದು ಮೂರು.